ಬಾಡಿಗೆ ಮನೆಯ ಕರೆಂಟ್ ಬಿಲ್ ಏಕೆ ಇಷ್ಟು ಬರುತ್ತಿದೆ?

ಬೆಂಗಳೂರಿನಲ್ಲಿ ಇಬ್ಬರೇ ಇರುವ, ಎ.ಸಿ. ಇಲ್ಲದ ಮನೆಗೆ ತಿಂಗಳಿಗೆ 230 ಯೂನಿಟ್ ಎಂದರೆ ಅನುಮಾನ ಸಹಜವೇ. ಮೊದಲು ಬಿಲ್ಲಿನ ಆರ್.ಆರ್. ಸಂಖ್ಯೆ (ಪ್ರತಿ ವಿದ್ಯುತ್ ಸಂಪರ್ಕದ ಗುರುತಿನ ಸಂಖ್ಯೆ) ನಿಮ್ಮ ಮೀಟರಿನದೇ ಎಂದು ಖಚಿತಪಡಿಸಿಕೊಳ್ಳಿ. ಸಾಲಾಗಿ ಮೀಟರುಗಳಿರುವ ಕಟ್ಟಡಗಳಲ್ಲಿ ಅದಲುಬದಲಾಗುವುದುಂಟು.

ಆಮೇಲೆ ಮನೆಯ ಮೇನ್ ಸ್ವಿಚ್ ಆರಿಸಿ, ಮೀಟರಿನ ಪುಟ್ಟ ಕೆಂಪು ದೀಪವನ್ನು ಹತ್ತು ನಿಮಿಷ ಗಮನಿಸಿ. ನೀರಿನ ಮೋಟಾರು ಓಡುವ ಹೊತ್ತಿನಲ್ಲೇ ನೋಡಿದರೆ ಒಳ್ಳೆಯದು. ದೀಪ ಆಗಲೂ ಪಟಪಟನೆ ಮಿನುಗುತ್ತಿದ್ದರೆ ಇಡೀ ಕಟ್ಟಡದ ಮೋಟಾರು ನಿಮ್ಮ ಲೆಕ್ಕದಲ್ಲಿ ಓಡುತ್ತಿರಬಹುದು. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಮಾಲೀಕರಿಗೆ ತೋರಿಸಿ. ಇಲ್ಲಿ ಸಂಕೋಚ ಬೇಡ, ದುಡ್ಡು ನಿಮ್ಮದು.

ಮಿನುಗದಿದ್ದರೆ ಗೀಸರ್ ಕಡೆ ನೋಡಿ. 2000 ವ್ಯಾಟ್‌ನ ಗೀಸರ್ ಒಂದು ಗಂಟೆ ಕಾದರೆ 2 ಯೂನಿಟ್. ದಿನವೂ ಹಾಗೆಯೇ ಆದರೆ ತಿಂಗಳಿಗೆ 60. ಹಳೆಯ ಫ್ರಿಜ್ಜಿನ ಬಾಗಿಲಿನ ರಬ್ಬರ್ ಸಡಿಲವಾಗಿದ್ದರೂ ಯೂನಿಟ್ ಏರುತ್ತದೆ.

ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯ ಲೆಕ್ಕವೂ ಇದೆ. ಬಳಕೆ 200 ಯೂನಿಟ್ ದಾಟಿದ ತಿಂಗಳು, ದಾಟಿದಷ್ಟಕ್ಕಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಹಿಂದಿನ ಬಾಡಿಗೆದಾರರ ಆಧಾರ್ ಇನ್ನೂ ಆ ಆರ್.ಆರ್. ಸಂಖ್ಯೆಗೆ ಜೋಡಣೆಯಾಗಿದ್ದರೆ ಅದನ್ನು ತೆಗೆಸಿ, ನಿಮ್ಮದನ್ನು ನೋಂದಾಯಿಸಿ.