ಹುಸಿಮಾತ್ರೆಯ ಪತ್ರ ಬಂದ ಮೇಲೆ: ಒಂದು ಆಪ್ತಸಲಹೆ ಪ್ರಕರಣ

ಅರವತ್ತರ ಆಸುಪಾಸಿನ ನಿವೃತ್ತ ಅಧ್ಯಾಪಕರೊಬ್ಬರು ಪತ್ನಿಯೊಂದಿಗೆ ನನ್ನ ಬಳಿ ಬಂದಿದ್ದರು. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಪಾರ್ಕಿನ್ಸನ್ ಕಾಯಿಲೆ ಪತ್ತೆಯಾಗಿ ಏಳು ವರ್ಷಗಳಾಗಿದ್ದವು. ಈ ಕಾಯಿಲೆಯ ಮುಖ್ಯ ಔಷಧವಾದ ಲೆವೊಡೋಪಾವನ್ನು ದಿನಕ್ಕೆ ಐದು ಬಾರಿ ಸೇವಿಸುತ್ತಿದ್ದರೂ ಮುಂದಿನ ಮಾತ್ರೆಯ ವೇಳೆಗೆ ಮೊದಲೇ ಹಿಂದಿನದರ ಬಲ ಇಳಿದು ಕೈಕಾಲು ಬಿಗಿಯುತ್ತಿದ್ದವು. ಆ ಬಿಗಿತದ ಅವಧಿಯನ್ನು ತಗ್ಗಿಸಬಹುದೆಂಬ ನಿರೀಕ್ಷೆಯಿದ್ದ ಹೊಸ ಔಷಧದ ಅಧ್ಯಯನವೊಂದಕ್ಕೆ ಅವರು ಸೇರಿದ್ದರು. ಯಾರಿಗೆ ಔಷಧ, ಯಾರಿಗೆ ಅದೇ ರೂಪದ, ಔಷಧವಿಲ್ಲದ ಹುಸಿಮಾತ್ರೆ ಎಂಬುದು ಮುಗಿಯುವವರೆಗೂ ರೋಗಿಗಾಗಲಿ ವೈದ್ಯರಿಗಾಗಲಿ ತಿಳಿಯದಂತಹ ಅಧ್ಯಯನವದು. ನಿಗದಿತ ದಿನಗಳಲ್ಲಿ ಅರ್ಧ ಗಂಟೆಗೊಮ್ಮೆ ತಮ್ಮ ಚಲನೆ ಹೇಗಿದೆಯೆಂದು ಅವರು ದಿನಚರಿಯಲ್ಲಿ ಗುರುತು ಹಾಕುತ್ತಿದ್ದರು. ಆರು ತಿಂಗಳಲ್ಲಿ ಬಿಗಿತದ ಅವಧಿ ಸುಮಾರು ಎರಡು ಗಂಟೆ ಇಳಿದಿತ್ತು; ಅಂಗಿಯ ಗುಂಡಿಗಳನ್ನು ತಾವೇ ಹಾಕಿಕೊಳ್ಳತೊಡಗಿದ್ದರು. ಅಧ್ಯಯನ ಮುಗಿದು ಎಷ್ಟೋ ದಿನಗಳ ಮೇಲೆ ಪತ್ರವೊಂದು ಬಂದು, ಅವರಿಗೆ ಕೊಟ್ಟದ್ದು ಹುಸಿಮಾತ್ರೆಯೆಂದು ತಿಳಿಸಿತು.

ಅದರಲ್ಲಿ ವಿವರಣೆಯ ಒಂದು ಸಾಲೂ ಇರಲಿಲ್ಲ. ಇಂತಹ ವಿಷಯವನ್ನು ಎದುರು ಕುಳಿತು ಹೇಳಬೇಕಿತ್ತೆಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಆ ಪತ್ರ ಮನೆಯಲ್ಲಿ ಮಾಡಿದ ಗಾಯ ಸಣ್ಣದಲ್ಲ. "ಹಾಗಾದರೆ ಇದೆಲ್ಲ ಮನಸ್ಸಿನದೇ ಅಲ್ಲವೇ, ಅಪ್ಪಾ?" ಎಂದು ಮಗ ಕೇಳಿದ್ದ. ಪತ್ನಿ ಬಾಯಿಬಿಟ್ಟು ಏನೂ ಹೇಳದಿದ್ದರೂ ಗುಂಡಿ ಹಾಕಲು ನೆರವಾಗುವುದನ್ನು ನಿಲ್ಲಿಸಿದ್ದರು. ಇವರಂತೂ ತಮ್ಮ ಮೇಲೆಯೇ ನಂಬಿಕೆ ಕಳೆದುಕೊಂಡು, ನಿಜ ತಿಳಿಯಬೇಕೆಂದು ಎರಡು ದಿನ ಬೆಳಗಿನ ಲೆವೊಡೋಪಾವನ್ನು ಬಿಟ್ಟು, ಹಾಸಿಗೆಯಿಂದ ಏಳಲಾಗದೆ ಅತ್ತಿದ್ದರು. "ನಾನು ಆರು ತಿಂಗಳು ನಟಿಸಿದೆನೇ, ಮೇಡಂ?" ಎಂಬುದೇ ಅವರು ನನ್ನೆದುರು ಆಡಿದ ಮೊದಲ ಮಾತು.

ಮೊದಲು ಮಾತ್ರೆಯ ವಿಷಯವನ್ನು ತೆಗೆದುಕೊಂಡೆ. ಲೆವೊಡೋಪಾವನ್ನು ಥಟ್ಟನೆ ನಿಲ್ಲಿಸಿದರೆ ತೀವ್ರ ಜ್ವರ, ಮೈಯೆಲ್ಲ ಸೆಟೆದುಕೊಳ್ಳುವುದು, ಪ್ರಜ್ಞೆ ಮಸುಕಾಗುವುದು ಮುಂತಾದ ಪ್ರಾಣಾಪಾಯದ ಸ್ಥಿತಿ ಬರಬಹುದು. ಆದ್ದರಿಂದ ಅಂತಹ ಪರೀಕ್ಷೆಯನ್ನು ಇನ್ನೆಂದೂ ಮಾಡುವುದಿಲ್ಲವೆಂದು ಮಾತು ಪಡೆದು, ನಡೆದುದನ್ನು ಅದೇ ದಿನ ನರರೋಗ ತಜ್ಞರಿಗೆ ತಿಳಿಸುವಂತೆ ಹೇಳಿದೆ. ಬದುಕು ಬೇಡವೆನಿಸಿದೆಯೇ ಎಂದೂ ನೇರವಾಗಿ ಕೇಳಿದೆ. ಇಲ್ಲವೆಂದರು, ಆದರೆ ನಿದ್ದೆ ಕೆಟ್ಟು ಯಾವುದರಲ್ಲೂ ಆಸಕ್ತಿಯಿಲ್ಲದೆ ತಿಂಗಳಾಗಿತ್ತು. ಈ ಕಾಯಿಲೆಯಲ್ಲಿ ಖಿನ್ನತೆಯು ದುಃಖದ ಪ್ರತಿಕ್ರಿಯೆಯಷ್ಟೇ ಆಗಿರಬೇಕಿಲ್ಲ, ಮಿದುಳಿನ ರಾಸಾಯನಿಕ ಬದಲಾವಣೆಗಳ ಭಾಗವೂ ಆಗಿರಬಹುದು ಎಂದು ವಿವರಿಸಿ, ಅದನ್ನೂ ವೈದ್ಯರ ಗಮನಕ್ಕೆ ತರಲು ತಿಳಿಸಿದೆ.

ಅವರ ಪ್ರಶ್ನೆಗೆ ಸಮಾಧಾನದ ಮಾತಿನಿಂದ ಉತ್ತರಿಸಲು ನನಗೆ ಮನಸ್ಸಾಗಲಿಲ್ಲ. ಅದಕ್ಕೆ ಸಂಶೋಧನೆಯಲ್ಲೇ ಉತ್ತರವಿದೆ. 2001ರಲ್ಲಿ ಕೆನಡಾದ ಸಂಶೋಧಕರು ಪಾರ್ಕಿನ್ಸನ್ ರೋಗಿಗಳಿಗೆ ಔಷಧವಿಲ್ಲದ ಚುಚ್ಚುಮದ್ದು ಕೊಟ್ಟು ಮಿದುಳಿನೊಳಗಿನ ಚಟುವಟಿಕೆಯನ್ನು ತೋರಿಸುವ ಪೆಟ್ ಸ್ಕ್ಯಾನ್ ಮಾಡಿದಾಗ, ಅವರ ಮಿದುಳಿನಲ್ಲಿ ಚಲನೆಗೆ ನೆರವಾಗುವ ಡೋಪಮಿನ್ ಎಂಬ ರಾಸಾಯನಿಕ ನಿಜವಾಗಿಯೂ ಬಿಡುಗಡೆಯಾಗಿದ್ದುದು ಕಂಡುಬಂದಿತು. ಈ ಕಾಯಿಲೆಯಲ್ಲಿ ಕೊರತೆ ಬೀಳುವುದು ಇದೇ ಡೋಪಮಿನ್. ಗುಣವಾಗುತ್ತೇನೆಂಬ ನಿರೀಕ್ಷೆಯು, ಇನ್ನೂ ಉಳಿದಿರುವ ನರಕೋಶಗಳಿಂದ ಅದನ್ನು ಹೊರಡಿಸಬಲ್ಲದು. ಹೀಗಾಗಿ ಗುಂಡಿ ಹಾಕಿದ ಬೆರಳುಗಳು ಸುಳ್ಳಾಡಿರಲಿಲ್ಲ. ಆದರೆ ನಿರೀಕ್ಷೆಯು ನರಕೋಶಗಳ ನಾಶವನ್ನು ತಡೆಯುತ್ತದೆಂದಾಗಲಿ, ಮನಸ್ಸು ಮಾಡಿದರೆ ಕಾಯಿಲೆ ಹೋಗುತ್ತದೆಂದಾಗಲಿ ಇದರ ಅರ್ಥವಲ್ಲ. ಈ ಎರಡನೆಯ ಮಾತನ್ನು ಮಗನಿಗೆಂದು ಎರಡು ಸಲ ಹೇಳಿದೆ. ಹುಸಿಮಾತ್ರೆಯ ಗುಂಪಿನವರೂ ಹೀಗೆ ಸುಧಾರಿಸಬಲ್ಲರೆಂಬ ಕಾರಣಕ್ಕೇ ಆ ಗುಂಪು ಬೇಕಾಗುತ್ತದೆ, ಹೊಸ ಔಷಧದ ಫಲವನ್ನು ಅಳೆಯಲು ಅವರು ಪ್ರಾಮಾಣಿಕವಾಗಿ ಹಾಕಿದ ಗುರುತುಗಳೂ ಆಧಾರವಾಗಿವೆ ಎಂದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ.

ಪತ್ನಿಯೊಡನೆ ಪ್ರತ್ಯೇಕವಾಗಿ ಮಾತನಾಡಿದೆ. ಅಡುಗೆಮನೆಯ ಬಾಗಿಲಲ್ಲಿ ಹೆಜ್ಜೆ ಕೀಳಲಾಗದೆ ನಿಲ್ಲುವವರು ನೆಲದ ಮೇಲಿನ ಗೆರೆಯನ್ನು ಸಲೀಸಾಗಿ ದಾಟುವುದನ್ನು ಕಂಡು, ಬೇಕೆಂದಾಗ ಮಾತ್ರ ಇವರಿಗೆ ಆಗುತ್ತದೆ ಎಂದು ಅವರಿಗೆ ಅನಿಸಿತ್ತು. ಕಣ್ಣಿಗೆ ಕಾಣುವ ಗುರುತೊಂದಿದ್ದರೆ ಮಿದುಳು ನಡಿಗೆಗೆ ಬೇರೊಂದು ದಾರಿಯನ್ನು ಬಳಸಿಕೊಳ್ಳುತ್ತದೆ, ನಡಿಗೆಯ ತರಬೇತಿಯಲ್ಲಿ ಇಂತಹ ಗೆರೆಗಳನ್ನೇ ಉಪಯೋಗಿಸುತ್ತಾರೆ ಎಂದು ತಿಳಿಸಿದೆ. ಬಾಗಿಲ ಬಳಿ ಬಣ್ಣದ ಪಟ್ಟಿ ಅಂಟಿಸಲು, ಬಿಗಿತದ ವೇಳೆಯಲ್ಲಿ ಅವಸರಪಡಿಸದಿರಲು, ಗುಂಡಿಗೆ ಕೈಹಾಕುವ ಮೊದಲು "ಹಾಕಲೇ?" ಎಂದು ಕೇಳಲು ಸಲಹೆ ಕೊಟ್ಟೆ. ಏಳು ವರ್ಷಗಳಲ್ಲಿ ತಮ್ಮ ಆಯಾಸವನ್ನು ಯಾರೂ ವಿಚಾರಿಸಿರಲಿಲ್ಲವೆಂದು ಆಕೆ ಹೇಳಿದರು. ವಾರಕ್ಕೆ ಎರಡು ಮಧ್ಯಾಹ್ನ ಮಗ ತಂದೆಯ ಜೊತೆಗಿರಬೇಕೆಂದು ಮೂವರೂ ಕೂಡಿಯೇ ತೀರ್ಮಾನಿಸಿದರು.

ಮುಂದೆ ಬೇರೆ ಅಧ್ಯಯನಕ್ಕೆ ಸೇರಬಹುದೇ ಎಂದು ಅವರೇ ಕೇಳಿದರು. ಸೇರಬಹುದು. ಆದರೆ ಸಮ್ಮತಿಪತ್ರಕ್ಕೆ ಸಹಿ ಹಾಕುವ ಮೊದಲು, ಅದು ಚಿಕಿತ್ಸೆಯಲ್ಲ, ಇನ್ನೂ ಉತ್ತರ ಸಿಗದ ಪ್ರಶ್ನೆ ಎಂಬುದನ್ನು ಮನೆಯವರೆಲ್ಲರೂ ಕೂಡಿ ಓದಿ ತಿಳಿದಿರಬೇಕು. ಯಾವಾಗ ಬೇಕಾದರೂ ಹೊರಬರುವ ಹಕ್ಕಿದೆಯೆಂದು ನೆನಪಿರಬೇಕು. ಫಲಿತಾಂಶವನ್ನು ಯಾರು, ಹೇಗೆ ತಿಳಿಸುತ್ತಾರೆಂದು ಮೊದಲೇ ಕೇಳಬೇಕು.

ಮೂರನೆಯ ಭೇಟಿಗೆ ಅವರು ಹೊಸ ದಿನಚರಿಯೊಂದನ್ನು ತಂದರು. ಖಿನ್ನತೆಗೆ ಚಿಕಿತ್ಸೆ ಆರಂಭವಾಗಿತ್ತು, ನಿದ್ದೆ ಸ್ವಲ್ಪ ಸುಧಾರಿಸಿತ್ತು. ಮಗ ಒಮ್ಮೆ ಮಾತ್ರ ಬಂದಿದ್ದನಂತೆ. ಬಿಗಿತದ ಗುರುತುಗಳ ಪಕ್ಕದಲ್ಲಿ ತಾವಾಗಿಯೇ ಇನ್ನೊಂದು ಸಾಲು ಎಳೆದು, ಆ ಹೊತ್ತಿನಲ್ಲಿ ಪಕ್ಕದಲ್ಲಿ ಯಾರಿದ್ದರೆಂದು ಬರೆದುಕೊಂಡಿದ್ದರು.