ಒಸಡಿನ ರಕ್ತವೂ ಕರುಳಿನ ಆರೋಗ್ಯವೂ

ಪ್ರಶ್ನೆ: ನನಗೆ 52 ವರ್ಷ, ಸಕ್ಕರೆ ಕಾಯಿಲೆಯಿದೆ. ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬರುತ್ತದೆ. ಆಸಿಡಿಟಿಗೆ ಬಹಳ ಕಾಲದಿಂದ ಮಾತ್ರೆ ನುಂಗುತ್ತಿದ್ದೇನೆ. ಬಾಯಿಯ ಬ್ಯಾಕ್ಟೀರಿಯಾ ಕರುಳನ್ನೂ ಕೆಡಿಸುತ್ತವೆಯೇ? ನಮ್ಮೂರಿನ ಹಲವರ ಹಲ್ಲಿನ ಕಂದು ಕಲೆಗೂ ಅವೇ ಕಾರಣವೇ?
— ಓದುಗರೊಬ್ಬರು, ಲಿಂಗಸುಗೂರು ತಾಲ್ಲೂಕು, ರಾಯಚೂರು ಜಿಲ್ಲೆ

ಉತ್ತರ: ಕೆಡಿಸಬಲ್ಲವು. ನಾವು ದಿನಕ್ಕೆ ಸುಮಾರು 1 ಲೀಟರ್ ಜೊಲ್ಲು ನುಂಗುತ್ತೇವೆ. ಅದರೊಡನೆ ಇಳಿಯುವ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಜಠರದ ಆಮ್ಲದಲ್ಲಿ ಸಾಯುತ್ತವಾದರೂ, ಆಮ್ಲ ತಗ್ಗಿಸುವ ಮಾತ್ರೆಯನ್ನು ದೀರ್ಘಕಾಲ ಸೇವಿಸುವವರ ಕರುಳಿನಲ್ಲಿ ಬಾಯಿಯ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಕಾಣುತ್ತವೆ. ಫ್ಯೂಸೋಬ್ಯಾಕ್ಟೀರಿಯಂ ನ್ಯೂಕ್ಲಿಯೇಟಮ್ ಎಂಬ ಬಾಯಿಯ ಬ್ಯಾಕ್ಟೀರಿಯಾ ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಗಳಲ್ಲೂ ಪತ್ತೆಯಾಗಿದೆ; ಹಾಗೆಂದು ಒಸಡಿನಲ್ಲಿ ರಕ್ತ ಕಂಡವರೆಲ್ಲ ಹೆದರಬೇಕಿಲ್ಲ.

ನಿಮ್ಮ ಮಟ್ಟಿಗೆ ಮುಖ್ಯವಾದದ್ದು ಸಕ್ಕರೆ ಕಾಯಿಲೆ. ಒಸಡಿನ ಉರಿಯೂತವು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತದೆ, ಏರಿದ ಸಕ್ಕರೆಯು ಒಸಡನ್ನು ಮತ್ತಷ್ಟು ಹಾಳುಮಾಡುತ್ತದೆ. ದಂತವೈದ್ಯರಲ್ಲಿ ಹಲ್ಲಿನ ಬುಡದ ಗಟ್ಟಿ ಕಿಟ್ಟವನ್ನು ತೆಗೆಸಿಕೊಂಡರೆ ಮೂರು ತಿಂಗಳ ಸರಾಸರಿ ಸಕ್ಕರೆ ಪ್ರಮಾಣವೂ ತುಸು ಇಳಿಯುವುದುಂಟು. ಆಸಿಡಿಟಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸದೆ, ಅದು ಇನ್ನೂ ಬೇಕೇ ಎಂದು ವೈದ್ಯರನ್ನು ಕೇಳಿ.

ಕಂದು ಕಲೆಯ ಸಂಗತಿ ಬೇರೆ. ನಿಮ್ಮ ಭಾಗದಲ್ಲಿ ಅದಕ್ಕೆ ಸಾಮಾನ್ಯವಾಗಿ ಬೋರ್‌ವೆಲ್ ನೀರಿನ ಫ್ಲೋರೈಡ್ ಕಾರಣ; ಅದು ಉಜ್ಜಿದರೆ ಹೋಗುವುದಿಲ್ಲ.