ಸಂಪಾದಕರ ಉತ್ತರ: ಆ ‘ಸುಂಯ್’ ಸದ್ದಿನ ಬಗ್ಗೆ

ಬ್ಯಾಡಗಿಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಬರೆದ ನಾಲ್ಕು ಪುಟದ ಪತ್ರ ಹೋದ ವಾರ ಕೈಸೇರಿತು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ತಿರುಳು ಇಷ್ಟು: “ಕಳೆದ ಸಂಚಿಕೆಯಲ್ಲಿ ಪರಮಾಣುಗಳ ಆವಿಗೆ ಲೇಸರ್ ಹಾಯಿಸುವ ಪ್ರಯೋಗಗಳಿಗೆ ಆರು ಪುಟ ಕೊಟ್ಟಿದ್ದೀರಿ, ಮಕ್ಕಳ ಲಿವರ್ ಕಸಿಗೆ ಒಂದೂವರೆ. ನನ್ನ ತಮ್ಮನ ಮೊಮ್ಮಗಳಿಗೆ ಹತ್ತನೆಯ ತಿಂಗಳಲ್ಲಿ ಬೆಂಗಳೂರಿನಲ್ಲಿ ಆ ಕಸಿ ಆಯಿತು, ತಾಯಿಯೇ ಕೊಟ್ಟಳು. ಕೂಸಿನ ಕಣ್ಣು ಹಳದಿಯಾದದ್ದನ್ನು ಮೂರು ತಿಂಗಳು ನಾವೆಲ್ಲ ನೋಡುತ್ತ ಕೂತಿದ್ದೆವು. ಅದನ್ನು ಬರೆಯಬೇಕಾದವರು ಆವಿ ಬರೆಯುತ್ತ ಕೂತಿದ್ದೀರಿ. ಲೇಸರ್ ಕಟ್ಟಿಕೊಂಡು ನಮ್ಮ ರೈತರಿಗೆ, ಬಾಣಂತಿಯರಿಗೆ ಆಗಬೇಕಾದದ್ದೇನು? ಇನ್ನೊಂದು ಮಾತು: ಆಪರೇಷನ್ ಆದ ಮೇಲೆ ದಿನಕ್ಕೆ ಎರಡು ಸಲ ಕೂಸಿನ ಹೊಟ್ಟೆಗೆ ಅಂಟಿನಂಥದ್ದು ಹಚ್ಚಿ, ಒಂದು ಯಂತ್ರ ಇಟ್ಟು, ಸುಂಯ್ ಸುಂಯ್ ಎಂಬ ಸದ್ದು ಕೇಳುತ್ತಿದ್ದರಂತೆ. ಅದೇನೆಂದು ನಮಗೆ ಯಾರೂ ಹೇಳಲಿಲ್ಲ. ನಿಮಗಾದರೂ ಗೊತ್ತೆ?”

ಮಾಸ್ತರರೇ, ನಮಸ್ಕಾರ.

ಪುಟಗಳ ಲೆಕ್ಕ ನೀವು ಹೇಳಿದ ಹಾಗೆಯೇ ಇದೆ. ಕಸಿಯ ಲೇಖನ ಮೊದಲು ನಾಲ್ಕು ಪುಟವಿತ್ತು. ಕೊನೆಯ ಗಳಿಗೆಯಲ್ಲಿ ಬೀಜದ ಜಾಹೀರಾತು ಬಂತು. ಕತ್ತರಿ ಆಡಿಸಿದವನು ನಾನೇ. ಆಪರೇಷನ್ ಕೋಣೆಯ ವರ್ಣನೆಯನ್ನು ಉಳಿಸಿಕೊಂಡು, ಕೂಸಿನ ಮಲದ ಬಣ್ಣದ ಬಗ್ಗೆ ಇದ್ದ ಎರಡು ಪ್ಯಾರಾ ತೆಗೆದುಹಾಕಿದೆ. ಊಟದ ಹೊತ್ತಿಗೆ ಪತ್ರಿಕೆ ಓದುವವರಿಗೆ ಹೇಸಿಗೆಯಾದೀತು ಎಂದುಕೊಂಡಿದ್ದೆ. ಇಡೀ ಲೇಖನದಲ್ಲಿ ಒಂದು ಮನೆಗಾದರೂ ಉಪಕಾರವಾಗಬಹುದಾಗಿದ್ದ ಭಾಗ ಅದೇ ಎಂದು ನಿಮ್ಮ ಪತ್ರ ಓದಿದಾಗ ತಿಳಿಯಿತು. ಹಾಗಾಗಿ ಮೊದಲು ಅದು, ಆಮೇಲೆ ನಿಮ್ಮ ಜೊತೆ ಜಗಳ.

ಹುಟ್ಟಿದ ಮೊದಲ ವಾರದಲ್ಲಿ ಕೂಸಿಗೆ ಕಾಮಣಿ ಕಾಣಿಸಿಕೊಳ್ಳುವುದು ಸಾಮಾನ್ಯ. ತಿಂಗಳು ತುಂಬಿ ಹುಟ್ಟಿದ ಕೂಸುಗಳಲ್ಲಿ ಬಹುಪಾಲು ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಹೆಚ್ಚಿದ್ದರೆ ಆಸ್ಪತ್ರೆಯಲ್ಲಿ ನೀಲಿ ಬೆಳಕಿನ ಕೆಳಗೆ ಮಲಗಿಸುತ್ತಾರೆ. ಬಿಲಿರುಬಿನ್ ಎಂಬ ಹಳದಿ ವಸ್ತುವಿನ ಅಣುವನ್ನು ಆ ಬೆಳಕು ತಿರುಚಿ, ದೇಹ ಅದನ್ನು ಸಲೀಸಾಗಿ ಹೊರಹಾಕುವಂತೆ ಮಾಡುತ್ತದೆ. ‘ಎಳೆ ಬಿಸಿಲಿಗೆ ಹಿಡಿಯಿರಿ’ ಎಂಬ ಅಜ್ಜಿಯರ ಮಾತಿನಲ್ಲಿ ಹುರುಳಿಲ್ಲದೇ ಇಲ್ಲ. ತೊಂದರೆ ಏನೆಂದರೆ, ಇದೇ ಅನುಭವವನ್ನು ನಂಬಿಕೊಂಡು ಮನೆಯವರು ಇನ್ನೊಂದು ಕಾಮಣಿಯ ಮುಂದೆಯೂ ಕಾಯುತ್ತ ಕೂರುತ್ತಾರೆ. ನಿಮ್ಮ ಮೊಮ್ಮಗಳಿಗೆ ಬಂದದ್ದು ಆ ಇನ್ನೊಂದು. ವೈದ್ಯರು ಅದನ್ನು ಬಿಲಿಯರಿ ಅಟ್ರೇಶಿಯಾ ಎನ್ನುತ್ತಾರೆ. ಲಿವರ್ ಪಿತ್ತವನ್ನು ಮಾಡುತ್ತಲೇ ಇರುತ್ತದೆ, ಅದು ಕರುಳಿಗೆ ಇಳಿಯುವ ನಾಳ ಮಾತ್ರ ಮುಚ್ಚಿಹೋಗಿರುತ್ತದೆ. ಹೊರಗೆ ಹೋಗಲಾರದ ಪಿತ್ತ ಲಿವರನ್ನೇ ಕೊರೆಯುತ್ತದೆ. ಬಿಸಿಲು, ನೀಲಿ ದೀಪ, ಬೇರಿನ ರಸ, ಹೊಟ್ಟೆಯ ಮೇಲೆ ಹಾಕುವ ಬರೆ, ಇವುಗಳಲ್ಲಿ ಯಾವುದೂ ಅಲ್ಲಿಗೆ ತಲುಪುವುದಿಲ್ಲ. ಬರೆಯಂತೂ ಕೂಸಿಗೆ ಇನ್ನೊಂದು ಗಾಯ.

ಇನ್ನು ಬಣ್ಣ. ಮಲಕ್ಕೆ ಬಣ್ಣ ಬರುವುದೇ ಪಿತ್ತದಿಂದ. ಎಳೆಗೂಸಿನ ಮಲ ಸಾಸಿವೆ ಅರೆದ ಹಾಗೆ ಹಳದಿಯೋ ಹಸಿರೋ ಇರಬೇಕು. ಪಿತ್ತ ಇಳಿಯದಿದ್ದರೆ ಅದು ಬಿಳಿ ಜೋಳದ ಹಿಟ್ಟಿನ ಬಣ್ಣಕ್ಕೆ, ಇಲ್ಲವೇ ಬೂದಿ ಬಣ್ಣಕ್ಕೆ ತಿರುಗುತ್ತದೆ. ಮೂತ್ರ ಇದಕ್ಕೆ ಉಲ್ಟಾ: ಎಳೆಗೂಸಿನ ಮೂತ್ರಕ್ಕೆ ಬಣ್ಣವೇ ಇರಬಾರದು. ಹಳೆಯ ಧೋತರ ಹರಿದು ಮಾಡಿದ ಮೆತ್ತನೆಯ ಬಟ್ಟೆಯ ಮೇಲೆ ಒಣಗಿದಾಗ ಹಳದಿ ಕಲೆ ನಿಂತರೆ, ಒಗೆಯುವವರು ಅದನ್ನು ಒಗೆದು ಮರೆಯದೆ ಮನೆಯವರಿಗೆ ತೋರಿಸಬೇಕು. ಹದಿನಾಲ್ಕು ದಿನ ದಾಟಿಯೂ ಕಣ್ಣಿನ ಹಳದಿ ಇಳಿಯದಿದ್ದರೆ ಮಕ್ಕಳ ವೈದ್ಯರ ಬಳಿ ಹೋಗಿ ‘ಡೈರೆಕ್ಟ್ ಬಿಲಿರುಬಿನ್’ ಪರೀಕ್ಷೆ ಮಾಡಿಸಿ ಎಂದು ಕೇಳಿ. ಕೂಸು ಚೆನ್ನಾಗಿ ಹಾಲು ಕುಡಿಯುತ್ತಿದೆ, ಮೈ ತುಂಬಿಕೊಂಡಿದೆ ಎಂದು ಸುಮ್ಮನಿರಬೇಡಿ. ಈ ರೋಗದಲ್ಲಿ ಮೊದಮೊದಲು ಕೂಸು ಹಾಗೆಯೇ ಇರುತ್ತದೆ. ಮೂರು ತಿಂಗಳು ನೀವೆಲ್ಲ ಕಾದದ್ದು ಅದಕ್ಕೇ, ನಿಮ್ಮ ಅಲಕ್ಷ್ಯದಿಂದಲ್ಲ.

ಬೇಗ ಸಿಕ್ಕರೆ ಜಪಾನಿನ ಮೋರಿಯೊ ಕಸಾಯಿ 1950ರ ದಶಕದಲ್ಲಿ ಕಂಡುಕೊಂಡ ಶಸ್ತ್ರಚಿಕಿತ್ಸೆ ಇದೆ. ಕರುಳಿನ ಒಂದು ಸುತ್ತನ್ನು ಎತ್ತಿ ನೇರವಾಗಿ ಲಿವರಿನ ಬುಡಕ್ಕೆ ಹೊಲಿಯುತ್ತಾರೆ. ಪಿತ್ತ ಅದರೊಳಗೆ ಇಳಿಯುತ್ತದೆ. ಅರವತ್ತು ದಿನದೊಳಗೆ ಮಾಡಿದರೆ ಫಲ ಹೆಚ್ಚು. ಇಷ್ಟಾದರೂ ಮುಂದೆ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಕಸಿ ಬೇಕಾಗುತ್ತದೆ, ಆದರೆ ಬೆಳೆಯಲು ಸಮಯ ಸಿಕ್ಕಿರುತ್ತದೆ. ತೈವಾನಿನಲ್ಲಿ 2004ರಿಂದ ಪ್ರತಿ ಮಗುವಿನ ಆರೋಗ್ಯ ಪುಸ್ತಕದಲ್ಲಿ ಮಲದ ಬಣ್ಣಗಳ ಒಂದು ಕಾರ್ಡ್ ಇರುತ್ತದೆ. ತಾಯಿ ಹೋಲಿಸಿ ನೋಡಿ ಫೋನ್ ಮಾಡಿದರಾಯಿತು. ಅದರಿಂದ ಅಲ್ಲಿ ರೋಗ ಬೇಗ ಪತ್ತೆಯಾಗತೊಡಗಿತು.

ಕಸಿಯ ಕಥೆಯನ್ನು ಇಲ್ಲಿ ಚುಟುಕಾಗಿ ಹೇಳಿಬಿಡುತ್ತೇನೆ. 1963ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಥಾಮಸ್ ಸ್ಟಾರ್ಜ್ಲ್ ಮನುಷ್ಯರಲ್ಲಿ ಮೊದಲ ಲಿವರ್ ಕಸಿ ಮಾಡಿದ್ದು ಇದೇ ರೋಗದ ಮೂರು ವರ್ಷದ ಹುಡುಗನಿಗೆ. ರಕ್ತಸ್ರಾವ ನಿಲ್ಲದೆ ಹುಡುಗ ಮೇಜಿನ ಮೇಲೆಯೇ ತೀರಿಕೊಂಡ. ಬದುಕಿರುವ ದಾನಿಯ ಲಿವರಿನ ತುಂಡು ಕೂಸಿಗೆ ಹಿಡಿದದ್ದು 1989ರಲ್ಲಿ, ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ. ಅಲ್ಲಿಯೂ ಕೊಟ್ಟವಳು ತಾಯಿ. ನಮ್ಮ ದೇಶದಲ್ಲಿ 1998ರಲ್ಲಿ, ದೆಹಲಿಯಲ್ಲಿ, ಕಾಂಚೀಪುರದ ಇಪ್ಪತ್ತು ತಿಂಗಳ ಗಂಡು ಕೂಸಿಗೆ ತಂದೆ ಕೊಟ್ಟರು. ಆ ಕೂಸು ಮುಂದೆ ಡಾಕ್ಟರ್ ಆಯಿತು. ನಿಮ್ಮ ಸೊಸೆಯಂಥವರಿಂದ ತೆಗೆಯುವುದು ಸಾಮಾನ್ಯವಾಗಿ ಲಿವರಿನ ಎಡತುದಿಯನ್ನು, ಕಾಲು ಕಿಲೋ ಆಸುಪಾಸು. ಉಳಿದದ್ದು ಕೆಲವು ವಾರ, ತಿಂಗಳುಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಕೂಸು ಮಾತ್ರ ಜೀವನಪೂರ್ತಿ ಹೊತ್ತಿಗೆ ಸರಿಯಾಗಿ ಔಷಧಿ ತೆಗೆದುಕೊಳ್ಳಬೇಕು. ಅದರ ಹೆಸರು ಟ್ಯಾಕ್ರೊಲಿಮಸ್, ಜಪಾನಿನ ಮಣ್ಣಿನಲ್ಲಿ ಸಿಕ್ಕ ಒಂದು ಸೂಕ್ಷ್ಮಜೀವಿ ಕೊಟ್ಟದ್ದು. ಚಕ್ಕೋತ ಹಣ್ಣು ಕೊಡಬಾರದು, ಅದು ಔಷಧಿಯ ಮಟ್ಟವನ್ನು ಏರುಪೇರು ಮಾಡುತ್ತದೆ. ಮನೆಯಲ್ಲಿ ಮರವಿದ್ದರೆ ಹೇಳಿಬಿಡಿ.

ಈಗ ಆ ಸದ್ದು.

ತಾಯಿಯ ತುಂಡನ್ನು ಕೂಸಿನ ಹೊಟ್ಟೆಯಲ್ಲಿ ಇಟ್ಟು ಹೊಲಿಯುವಾಗ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಲಿವರಿಗೆ ಶುದ್ಧ ರಕ್ತ ತರುವ ಅಪಧಮನಿ. ಅದರ ದಪ್ಪ ಎರಡು ಮೂರು ಮಿಲಿಮೀಟರ್, ನಿಮ್ಮೂರಲ್ಲಿ ಮೆಣಸಿನಕಾಯಿ ಚೀಲ ಹೊಲಿಯುವ ದಬ್ಬಣದಷ್ಟು. ಕೂದಲಿಗಿಂತ ಸಣ್ಣ ದಾರದಲ್ಲಿ, ಸೂಕ್ಷ್ಮದರ್ಶಕ ಇಟ್ಟುಕೊಂಡು ಹೊಲಿಯುತ್ತಾರೆ. ಮೊದಲ ಕೆಲವು ದಿನಗಳಲ್ಲಿ ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಹೊಸ ಲಿವರ್ ಕೈಬಿಟ್ಟಂತೆಯೇ. ಹೊಟ್ಟೆ ಮುಚ್ಚಿಯಾಗಿದೆ, ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಅಲ್ಟ್ರಾಸೌಂಡ್ ಕಳಿಸಿ ಕೇಳುತ್ತಾರೆ. ಕಿವಿಗೆ ಕೇಳದಷ್ಟು ಎತ್ತರದ ಶ್ರುತಿಯ ಆ ಅಲೆ ಹರಿಯುವ ರಕ್ತದ ಕಣಗಳಿಗೆ ತಾಗಿ ಮರಳುವಾಗ ಅದರ ಶ್ರುತಿ ಚೂರು ಬದಲಾಗಿರುತ್ತದೆ. ಕಳಿಸಿದ್ದಕ್ಕೂ ಬಂದದ್ದಕ್ಕೂ ಇರುವ ವ್ಯತ್ಯಾಸವಷ್ಟನ್ನೇ ಯಂತ್ರ ಸ್ಪೀಕರಿಗೆ ಕೊಡುತ್ತದೆ. ಅದೃಷ್ಟಕ್ಕೆ ಆ ವ್ಯತ್ಯಾಸ ಮನುಷ್ಯರ ಕಿವಿಗೆ ಕೇಳುವ ಮಟ್ಟದಲ್ಲೇ ಬೀಳುತ್ತದೆ. ನಿಮ್ಮ ತಮ್ಮ ಕೇಳಿದ ‘ಸುಂಯ್’ ಅದು. ಅದು ಕೇಳುತ್ತಿತ್ತು ಎಂದರೆ ತಾಯಿಯ ಲಿವರಿನೊಳಗೆ ಮಗಳ ರಕ್ತ ಹರಿಯುತ್ತಿತ್ತು ಎಂದರ್ಥ. ಇದನ್ನು ಯಾರೂ ಅವರಿಗೆ ಹೇಳಲಿಲ್ಲವೆಂಬುದು ನನಗೆ ಬೇಸರ ತಂದಿತು. ಹೇಳಲು ಅರ್ಧ ನಿಮಿಷ ಸಾಕಿತ್ತು.

ಇದಕ್ಕೆ ಡಾಪ್ಲರ್ ಪರಿಣಾಮ ಎಂದು ಹೆಸರು. ಅಣ್ಣಿಗೇರಿಯ ಹತ್ತಿರ ರೈಲ್ವೆ ಗೇಟಿನಲ್ಲಿ ಬೈಕು ನಿಲ್ಲಿಸಿದವರೆಲ್ಲ ಇದನ್ನು ಕೇಳಿದ್ದಾರೆ: ಗಾಡಿ ಬರುವಾಗ ಸೀಟಿಯ ಶ್ರುತಿ ಏರಿರುತ್ತದೆ, ದಾಟಿದ ಕೂಡಲೇ ಇಳಿಯುತ್ತದೆ. 1845ರಲ್ಲಿ ಹಾಲೆಂಡಿನ ಬೈಸ್ ಬ್ಯಾಲಟ್ ಎಂಬಾತ ರೈಲಿನ ಮೇಲೆ ತುತ್ತೂರಿಯವರನ್ನು ಕೂರಿಸಿ, ಹಳಿಯ ಪಕ್ಕದಲ್ಲಿ ಶ್ರುತಿಜ್ಞಾನ ಇದ್ದವರನ್ನು ನಿಲ್ಲಿಸಿ ಇದನ್ನು ಪರೀಕ್ಷಿಸಿದ. ನಮ್ಮ ಗದಗಿನಲ್ಲಾಗಿದ್ದರೆ ಅಂಥ ಕಿವಿಗಳಿಗೆ ಬರ ಇರುತ್ತಿರಲಿಲ್ಲ.

ಜಗಳ ಇಲ್ಲಿಂದ ಶುರು, ಮಾಸ್ತರರೇ. ನೀವು ಬೈದ ಆರು ಪುಟದಲ್ಲಿ ನಾಲ್ಕು ಇದೇ ಡಾಪ್ಲರ್‌ನ ಕಥೆ.

ಡಿಗ್ರಿಯ ಎರಡನೆಯ ವರ್ಷ ಪ್ರಯೋಗಾಲಯದಲ್ಲಿ ನಮಗೆ ಸೋಡಿಯಂ ಆವಿಯ ದೀಪ ಇತ್ತು. ಹಚ್ಚಿದಾಗ ಮೊದಲು ಗುಲಾಬಿ, ಐದು ನಿಮಿಷ ಕಾದರೆ ಅಪ್ಪಟ ಹಳದಿ. ಅದರ ಬೆಳಕಿನಲ್ಲಿ ಗೆಳೆಯರ ಮುಖವೆಲ್ಲ ಹೆಣದ ಬಣ್ಣ. ಒಂದು ದಿನ ಅಟೆಂಡರ್ ಒಬ್ಬರು, ಅವರು ಯಾವ ಪರೀಕ್ಷೆಯನ್ನೂ ಪಾಸಾದವರಲ್ಲ, ಸ್ಪಿರಿಟ್ ದೀಪದ ಬತ್ತಿಗೆ ಉಪ್ಪು ಉದುರಿಸಿ ಅದನ್ನು ಸೋಡಿಯಂ ದೀಪದ ಮುಂದೆ ಹಿಡಿದರು. ಗೋಡೆಯ ಮೇಲೆ ಜ್ವಾಲೆಯ ಕಪ್ಪು ನೆರಳು ಬಿತ್ತು, ಕುಣಿಯಿತು. ಬೆಂಕಿಗೆ ನೆರಳು! ಉಪ್ಪಿನಿಂದ ಎದ್ದ ಸೋಡಿಯಂ ಪರಮಾಣುಗಳು ತಮ್ಮ ಶ್ರುತಿಯ ಹಳದಿಯನ್ನೇ ಹಿಡಿದು ಸುತ್ತಲೂ ಚೆಲ್ಲಿಬಿಡುತ್ತವೆ, ಗೋಡೆಗೆ ಹೋಗಗೊಡುವುದಿಲ್ಲ. ಅದೇ ಜ್ವಾಲೆಯನ್ನು ಮಾಮೂಲಿ ಬಲ್ಬಿನ ಮುಂದೆ ಹಿಡಿದರೆ ಅಂಥ ನೆರಳಿಲ್ಲ. ಪ್ರತಿ ಜಾತಿಯ ಪರಮಾಣುವೂ ತನ್ನದೇ ಸ್ವರಗಳಿಗೆ ಮಾತ್ರ ಓಗೊಡುತ್ತದೆ ಎಂಬುದನ್ನು ಆಮೇಲೆ ಪುಸ್ತಕದಲ್ಲಿ ಓದಿದೆ. ನಂಬಿದ್ದು ಆ ನೆರಳು ನೋಡಿ.

ಲೇಸರ್ ಎಂದರೆ ಒಂದೇ ಸ್ವರ ಹಿಡಿದು ನಿಲ್ಲುವ ಬೆಳಕು. ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಸುವುದು ರುಬಿಡಿಯಂ ಎಂಬ ಲೋಹವನ್ನು. ಅದು 39 ಡಿಗ್ರಿಗೆ ಕರಗುತ್ತದೆ. ಏಪ್ರಿಲ್ ಮಧ್ಯಾಹ್ನ ನಮ್ಮ ಕಚೇರಿಯ ಮೇಜಿನ ಮೇಲಿಟ್ಟರೆ ನೀರಾಗುತ್ತದೆ, ಅದಕ್ಕೂ ಮೊದಲು ಗಾಳಿ ತಾಗಿ ಹೊತ್ತಿಕೊಳ್ಳುತ್ತದೆ. ಹಾಗಾಗಿ ಗಾಳಿ ತೆಗೆದ ಬೆರಳುದ್ದದ ಗಾಜಿನ ಕೊಳವೆಯಲ್ಲಿ ಮುಚ್ಚಿಡುತ್ತಾರೆ. ಕೊಳವೆ ಖಾಲಿಯಂತೆ ಕಾಣುತ್ತದೆ. 780 ನ್ಯಾನೋಮೀಟರಿನ ಲೇಸರ್ ಹಾಯಿಸಿ, ಅವಕೆಂಪು ಬೆಳಕನ್ನು ಕಾಣಬಲ್ಲ ಕ್ಯಾಮೆರಾ ಹಿಡಿದರೆ ನಡುವೆ ಒಂದು ಎಳೆ ಬೆಳಗುತ್ತದೆ. ಶ್ರುತಿ ಚೂರು ತಪ್ಪಿಸಿದರೆ ಎಳೆ ಮಾಯ.

ಅಲ್ಲೇ ತೊಡಕು. ಆ ಕೊಳವೆಯ ಪರಮಾಣುಗಳು ಸುಮ್ಮನಿರುವುದಿಲ್ಲ. ಸೆಕೆಂಡಿಗೆ ಸುಮಾರು 290 ಮೀಟರ್ ವೇಗ, ಅಂದರೆ ಗದಗಿನಿಂದ ಹುಬ್ಬಳ್ಳಿಗೆ ಮೂರೂವರೆ ನಿಮಿಷದ ಒಳಗೆ. ಲೇಸರಿನ ಎದುರು ಓಡಿಬರುವ ಪರಮಾಣುವಿಗೆ ಅದರ ಶ್ರುತಿ ಏರಿದಂತೆ, ದೂರ ಓಡುವುದಕ್ಕೆ ಇಳಿದಂತೆ. ರೈಲ್ವೆ ಗೇಟಿನದೇ ಕಥೆ. ಹೀಗೆ ಎಲ್ಲವೂ ಬೇರೆ ಬೇರೆ ಕೇಳಿಸಿಕೊಂಡು, 6 ಮೆಗಾಹರ್ಟ್ಸ್ (ಶ್ರುತಿಯನ್ನು ಅಳೆಯುವ ಮಾನ) ಅಗಲ ಇರಬೇಕಾದ ಸ್ವರ ಸುಮಾರು 500 ಮೆಗಾಹರ್ಟ್ಸ್‌ಗೆ ಹಿಗ್ಗಿ ಮಸುಕಾಗುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ: ಒಂದೇ ಲೇಸರನ್ನು ಎರಡು ಮಾಡಿ ಎದುರುಬದುರು ಹಾಯಿಸುತ್ತಾರೆ. ಒಂದರ ಕಡೆ ಓಡುವ ಪರಮಾಣು ಇನ್ನೊಂದರಿಂದ ದೂರ ಓಡಿದ ಹಾಗೆಯೇ; ಎರಡಕ್ಕೂ ಒಟ್ಟಿಗೆ ಓಗೊಡಬಲ್ಲದ್ದು ಯಾವ ಕಡೆಗೂ ಓಡದಿರುವ ಪರಮಾಣು ಮಾತ್ರ. ಮಸುಕಿನ ನಡುವೆ ಅವುಗಳ ಸಣ್ಣ ಗೆರೆ ಚೂಪಾಗಿ ಏಳುತ್ತದೆ. ಮುಂದೆ ಇದೇ ಡಾಪ್ಲರನ್ನು ಲಗಾಮಾಗಿ ಬಳಸಿ ಪರಮಾಣುಗಳನ್ನು ಹೆಚ್ಚುಕಡಿಮೆ ನಿಲ್ಲಿಸಿಯೇಬಿಟ್ಟರು. 1997ರ ಭೌತಶಾಸ್ತ್ರದ ನೊಬೆಲ್ ಅದಕ್ಕೇ.

ಕೂಸಿನ ಅಪಧಮನಿಗೆ ಇಟ್ಟ ಯಂತ್ರ ಲೇಸರಿನಿಂದ ಬಂದದ್ದು ಎಂದು ನಾನು ಹೇಳುತ್ತಿಲ್ಲ, ಹೇಳಿದರೆ ಸುಳ್ಳು. ಒಂದೇ ಬೇರಿನ ಎರಡು ಕೊಂಬೆಗಳು ಅಷ್ಟೆ. ಆ ಬೇರನ್ನು ನೆಟ್ಟ ಕ್ರಿಸ್ಟಿಯನ್ ಡಾಪ್ಲರ್ 1842ರಲ್ಲಿ ಯೋಚಿಸುತ್ತಿದ್ದದ್ದು ಜೋಡಿ ನಕ್ಷತ್ರಗಳ ಬಣ್ಣದ ಬಗ್ಗೆ. ಸೂತ್ರ ಸರಿ ಇತ್ತು, ನಕ್ಷತ್ರಗಳ ಬಣ್ಣಕ್ಕೆ ಅವನು ಕೊಟ್ಟ ಕಾರಣ ತಪ್ಪಾಗಿತ್ತು. ‘ಇದರಿಂದ ಬಾಣಂತಿಯರಿಗೆ ಏನಾಗಬೇಕು’ ಎಂದು ಅಂದು ಅವನನ್ನು ಕೇಳಿದ್ದರೆ ಪಾಪ ತಬ್ಬಿಬ್ಬಾಗುತ್ತಿದ್ದ. ನನ್ನನ್ನು ಕೇಳಿದರೆ ಉಪಯೋಗ ಇಲ್ಲದಿದ್ದರೂ ಆ ಲೇಖನ ಹಾಕುತ್ತಿದ್ದೆ. ಬೆಂಕಿಗೆ ನೆರಳುಂಟು ಎಂಬುದು ನರೇಗಲ್ಲಿನ ಹುಡುಗಿಗೂ ತಿಳಿಯಲಿ ಎಂಬುದಷ್ಟೇ ನನ್ನ ಆಸೆ.

ನೀವು ಹಿಡಿಯದ ಒಂದು ತಪ್ಪನ್ನು ನಾನೇ ಒಪ್ಪಿಕೊಳ್ಳುತ್ತೇನೆ. 2023ರ ಮೇ 29ರಂದು ಹಾರಿದ ಇಸ್ರೋದ ಎನ್‌ವಿಎಸ್-01 ಉಪಗ್ರಹದಲ್ಲಿ ನಮ್ಮಲ್ಲೇ ತಯಾರಾದ ಪರಮಾಣು ಗಡಿಯಾರ (ಪರಮಾಣುವಿನ ಸ್ವರ ಹಿಡಿದು ಹೊತ್ತು ಅಳೆಯುವಂಥದ್ದು) ಇದೆ ಎಂಬುದು ನಿಜ. ಆದರೆ ‘ಉಪಗ್ರಹಗಳ ರುಬಿಡಿಯಂ ಗಡಿಯಾರಗಳು ಲೇಸರಿನಿಂದ ನಡೆಯುತ್ತವೆ’ ಎಂದು ನಾವು ಅಚ್ಚು ಹಾಕಿದ್ದು ಸರಿಯಲ್ಲ. ಇಲ್ಲಿಯವರೆಗೆ ಆಕಾಶಕ್ಕೆ ಹೋದ ಅಂಥ ಗಡಿಯಾರಗಳಲ್ಲಿ ಹೆಚ್ಚಿನವು ರುಬಿಡಿಯಂ ಆವಿಯ ಪುಟ್ಟ ದೀಪದಿಂದಲೇ ನಡೆಯುತ್ತವೆ.

ಪುಟಗಳ ವಿಷಯಕ್ಕೆ ಬರುತ್ತೇನೆ. ಮುಂದಿನ ಸಂಚಿಕೆಯ ಹಿಂಬದಿಯ ಪುಟಕ್ಕೆ ತೈವಾನಿನ ಹಾಗೆ ಬಣ್ಣದ ಪಟ್ಟಿ ಹಾಕಬೇಕೆಂದು ನಿಮ್ಮ ಪತ್ರ ಬಂದ ಮರುದಿನವೇ ಮುದ್ರಣಾಲಯಕ್ಕೆ ಹೋದೆ. ಮುದ್ರಣ ಕಾಶಿ ಎನಿಸಿಕೊಂಡ ಊರು ನಮ್ಮದು, ಆದರೂ ಮೂರು ಪ್ರೂಫ್ ತೆಗೆದರೆ ಮೂರೂ ಬೇರೆ. ಒಂದರಲ್ಲಿ ಸಾಸಿವೆಯ ಹಳದಿ ಮಾಸಿ ಬಿಳಿಚಿಕೊಂಡಿತ್ತು, ಇನ್ನೊಂದರಲ್ಲಿ ಬಿಳಿ ಜೋಳ ಕೆನೆಬಣ್ಣಕ್ಕೆ ಏರಿ ನಿರೋಗಿಯಂತೆ ಕಾಣುತ್ತಿತ್ತು. ನಮ್ಮ ಕಾಗದವೇ ಹಳದಿ, ಮೇಲೆ ಶಾಯಿ ದಿನಕ್ಕೊಂದು ಥರ. ತಪ್ಪು ಬಣ್ಣದ ಕಾರ್ಡು ನೋಡಿ ತಾಯಿಯೊಬ್ಬಳು ನೆಮ್ಮದಿಯಿಂದ ಕೂತರೆ ಅದಕ್ಕಿಂತ ಪಾಪ ಬೇರೆಯಿಲ್ಲ. ಚಿತ್ರ ಬಿಟ್ಟು ಮಾತಿನಲ್ಲೇ, ದಪ್ಪ ಅಕ್ಷರದಲ್ಲಿ, ಚೌಕಟ್ಟು ಕಟ್ಟಿ ಹಾಕುತ್ತೇವೆ. ಜಾಹೀರಾತು ಬಂದರೂ ತೆಗೆಯುವುದಿಲ್ಲ.

ಇದಕ್ಕೆ ನಿಮ್ಮ ಸಹಾಯ ಬೇಕು. ಮೆಣಸಿನಕಾಯಿಯ ಕೆಂಪಿನಲ್ಲೇ ಹತ್ತು ಬಗೆ ಹೇಳಿ ದರ ಕಟ್ಟುವ ಊರಿನವರು ನೀವು. ಬಿಳಿ ಜೋಳದ ಹಿಟ್ಟು, ಬೂದಿ, ಸುಣ್ಣದ ಗೋಡೆ ಎಂದು ನಾನು ಬರೆದುಕೊಂಡಿದ್ದೇನೆ. ನಿಮ್ಮ ಮನೆಯ ಹೆಣ್ಣುಮಕ್ಕಳು, ಮುಖ್ಯವಾಗಿ ಆ ಕೂಸಿನ ಅಜ್ಜಿ, ಆ ಮೂರು ತಿಂಗಳು ಬಟ್ಟೆ ಒಗೆಯುವಾಗ ಕಂಡ ಬಣ್ಣವನ್ನು ಏನೆಂದು ಕರೆಯುತ್ತಿದ್ದರು? ಕೇಳಿ ಇಪ್ಪತ್ತನೆಯ ತಾರೀಖಿನ ಒಳಗೆ ಬರೆಯಿರಿ. ಆ ದಿನ ಸಂಜೆ ಪುಟ ಕಟ್ಟುತ್ತೇವೆ.

— ಸಂಪಾದಕ